ಹೊಸದಾಗಿ ಹಾಕಿದ ಲಿನಕ್ಸ್ ಮಿಂಟ್‌ನಲ್ಲಿ ನುಡಿಯ ಕೀಲಿಮಣೆ ಮತ್ತು ಹಳೆಯ ಕಡತಗಳು

ಪ್ರಶ್ನೆ (ಬ್ರಹ್ಮಾವರದಿಂದ)

ನಮಸ್ಕಾರ. ನನ್ನ ತಂದೆಯವರು ನಿವೃತ್ತ ಅಧ್ಯಾಪಕರು. ಊರಿನ ಯಕ್ಷಗಾನ ಸಂಘದ ಕರಪತ್ರ, ವಾರ್ಷಿಕ ವರದಿ, ತಾಳಮದ್ದಳೆಗೆ ಮಾಡಿಕೊಂಡ ಅರ್ಥದ ಟಿಪ್ಪಣಿ, ಎಲ್ಲವನ್ನೂ ಇಪ್ಪತ್ತು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲೇ ಟೈಪ್ ಮಾಡುತ್ತ ಬಂದವರು. ಅವರ ಕಂಪ್ಯೂಟರಿಗೆ ವಿಂಡೋಸ್ 11 ಹೊಂದುವುದಿಲ್ಲ, ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಆದ್ದರಿಂದ ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22 ಹಾಕಿದ್ದೇನೆ. ಹಳೆಯ ವಿಂಡೋಸ್ ಡಿಸ್ಕಿನ ಇನ್ನೊಂದು ಭಾಗದಲ್ಲಿ ಹಾಗೆಯೇ ಇದೆ.

ಎರಡು ದಿನ ಕುಳಿತು ಥೀಮ್, ಐಕಾನ್, ಕೆಳಗಿನ ಪಟ್ಟಿ ಎಲ್ಲವನ್ನೂ ಒಪ್ಪ ಮಾಡಿಕೊಟ್ಟೆ. ಅವರು ನೋಡಿ, "ಚೆಂದವೇ ಆಗಿದೆ, ಆದರೆ ‘ಅ’ ಎಲ್ಲಿದೆ?" ಎಂದರು. ಕನ್ನಡ ಕೀಲಿಮಣೆಯನ್ನು ಸೇರಿಸಿದ್ದರೂ ಅಕ್ಷರಗಳು ಅವರ ಬೆರಳಿಗೆ ಸಿಗುತ್ತಿಲ್ಲ. ಹಳೆಯ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಜೊತೆಗೆ, ವಿಂಡೋಸಿಗೆ ಮರಳಿದಾಗಲೆಲ್ಲ ಗಡಿಯಾರವು ಐದೂವರೆ ಗಂಟೆ ಹಿಂದೆ ಇರುತ್ತದೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 (ಸುರತ್ಕಲ್‌ನಿಂದ)

ನೀವು ಸೇರಿಸಿರುವುದು ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳಿಗೆಲ್ಲ ಒಂದೇ ಮಾದರಿಯ ಕೀಲಿಮಣೆ) ವಿನ್ಯಾಸವಾಗಿರಬೇಕು. ಕೇವಲ ‘ಕನ್ನಡ’ ಎಂದು ಆರಿಸಿದರೆ ಬರುವುದು ಅದೇ. ತಂದೆಯವರಿಗೆ ಬೇಕಾದದ್ದು ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಅಂದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜಾಡಿನದು. (ಅವರು ನಮ್ಮ ಕಿನ್ನಿಕಂಬಳದವರು ಎಂಬುದನ್ನು ಈ ನೆಪದಲ್ಲಾದರೂ ನೆನೆಯೋಣ.)

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲೇ ‘ಕಗಪ’ ಎಂಬ ಹೆಸರಿನ ಕನ್ನಡ ವಿನ್ಯಾಸವೊಂದು ಕಾಣಿಸುತ್ತದೆ. ಆದರೆ ಅದು ಒಂದು ಕೀಲಿಗೆ ಒಂದು ಅಕ್ಷರ ಎಂಬ ಲೆಕ್ಕದಲ್ಲಿ ನಡೆಯುವುದರಿಂದ, ಒತ್ತಿದ ಸ್ವರವು ಪದದ ಆರಂಭದಲ್ಲಿದೆಯೋ ವ್ಯಂಜನದ ಬಳಿಕ ಬಂದಿದೆಯೋ ಎಂಬುದನ್ನು ಅರಿಯಲಾರದು. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಮೊದಲ ಸಾಲಿನಲ್ಲೇ ತೊಡಕಾಗುತ್ತದೆ. ಅದರ ಬದಲು ಐಬಸ್ (ibus, ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ತಂತ್ರಾಂಶ) ಮತ್ತು ಅದರ ಎಂ17ಎನ್ (ibus-m17n) ಘಟಕವನ್ನು ಸ್ಥಾಪಿಸಿ, ಒಮ್ಮೆ ಲಾಗ್ ಔಟ್ ಆಗಿ ಬಂದು, ಕನ್ನಡದ ಅಡಿಯಲ್ಲಿ ‘ಕೆಜಿಪಿ’ಯನ್ನು (kgp, ಗಣಕ ಪರಿಷತ್ತಿನ ಹೆಸರಿನ ಇಂಗ್ಲಿಷ್ ಹ್ರಸ್ವರೂಪ) ಆರಿಸಿರಿ. ಎ, ಎಂ, ಎಫ್, ಎಂ ಎಂಬ ನಾಲ್ಕು ಕೀಲಿಗಳನ್ನು ಒತ್ತಿದಾಗ ‘ಅಮ್ಮ’ ಎಂದು ಮೂಡಿದರೆ ಸರಿಯಾದ ಕಡೆಗೇ ಬಂದಿದ್ದೀರಿ ಎಂದು ತಿಳಿಯಿರಿ. ಬಳಿಕ ಇನ್‌ಸ್ಕ್ರಿಪ್ಟ್ ಅನ್ನು ಪಟ್ಟಿಯಿಂದ ತೆಗೆದುಹಾಕಿ. ಮೂರು ಭಾಷಾ ಆಯ್ಕೆಗಳಿದ್ದರೆ ಹಿರಿಯರು ಪ್ರತಿ ಸಲವೂ ತಪ್ಪು ಕಡೆಗೇ ಹೋಗುತ್ತಾರೆ.

ಉತ್ತರ 2 (ಮಂಗಳೂರಿನಿಂದ)

ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟವಿನ್ಯಾಸ) ಕೆಲಸ ಮಾಡುವವನು. ಕಡತಗಳ ವಿಷಯವನ್ನು ಮಾತ್ರ ಹೇಳುತ್ತೇನೆ. ನಿಮ್ಮ ಕಡತಗಳು ಕೆಟ್ಟಿಲ್ಲ. ಹಳೆಯ ನುಡಿಯು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಇರಿಸುತ್ತಿತ್ತು. ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ನೀವು ಕಂಡಂತೆ ಕಾಣುತ್ತದೆ. ವಿಂಡೋಸ್ ಭಾಗದ ಫಾಂಟ್ ಕೋಶದಿಂದ ನುಡಿಯ ಫಾಂಟ್ ಕಡತಗಳನ್ನು ಪ್ರತಿ ಮಾಡಿ ಮಿಂಟ್‌ನಲ್ಲಿ ಸ್ಥಾಪಿಸಿದರೆ, ಲಿಬ್ರೆ ಆಫೀಸಿನಲ್ಲಿ (ಮಿಂಟ್‌ನಲ್ಲಿ ಬರವಣಿಗೆಗೆ ಬಳಸುವ ತಂತ್ರಾಂಶ) ತೆರೆದ ಕೂಡಲೇ ಓದಬಹುದು.

ಆದರೆ ಓದುವುದಷ್ಟೇ ಸಾಲದು. ಹಾಗಿರುವ ಕಡತದಲ್ಲಿ ‘ಕರ್ಣ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಆದ್ದರಿಂದ ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ) ಪರಿವರ್ತಿಸಲೇಬೇಕು, ಮತ್ತು ಆ ಕೆಲಸವನ್ನು ವಿಂಡೋಸಿನಲ್ಲಿ ನುಡಿಯದೇ ಪರಿವರ್ತಕದಿಂದ ಮಾಡುವುದೇ ನನ್ನ ದೃಷ್ಟಿಯಲ್ಲಿ ಸುರಕ್ಷಿತ. ಅದು ಮುಗಿಯುವವರೆಗೆ ವಿಂಡೋಸ್ ಭಾಗವನ್ನು ಅಳಿಸಬೇಡಿ. ಅದರ ಬೆಂಬಲ ಮುಗಿದಿರುವುದರಿಂದ ಇಂಟರ್‌ನೆಟ್ ಸಂಪರ್ಕವನ್ನು ಮಾತ್ರ ತೆಗೆದಿಡಿ. ಪಠ್ಯವನ್ನಷ್ಟೇ ಪರಿವರ್ತಿಸುವಾಗ, ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ತುಣುಕುಗಳಾಗಿಬಿಡುತ್ತವೆ; ಕರಪತ್ರಗಳಲ್ಲಿ ಇಮೇಲ್ ವಿಳಾಸಗಳು ಕೆಡುವುದು ಹೀಗೆಯೇ. ಅರ್ಕಾವೊತ್ತು ಇರುವ ಪದಗಳನ್ನೂ ಕಣ್ಣಾರೆ ನೋಡಿಯೇ ಮುಂದುವರಿಯಿರಿ. ಮೂಲ ಕಡತವನ್ನು ಎಂದಿಗೂ ಅಳಿಸಬಾರದು.

ಹೊಸ ಬರವಣಿಗೆಗೆ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಮಿಂಟ್‌ನ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತವೆ. ಲಿಬ್ರೆ ಆಫೀಸಿನ ಭಾಷಾ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬುದನ್ನು ಗುರುತು ಮಾಡಿ ಕನ್ನಡವನ್ನು ಆರಿಸಿದ ಮೇಲೆ, ಕನ್ನಡಕ್ಕೆ ಬೇಕಾದ ಫಾಂಟನ್ನು ಪ್ರತ್ಯೇಕವಾಗಿ ನಿಗದಿಪಡಿಸಬಹುದು.

ಉತ್ತರ 3 (ಮಣಿಪಾಲದಿಂದ)

ಗಡಿಯಾರದ ಕಾರಣ ಸರಳವಾಗಿದೆ: ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ ಸಮಯಕ್ಕೆ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಹೊಂದಿಸುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ (timedatectl) ಆಜ್ಞೆಯಿಂದ ಅದನ್ನು ಸ್ಥಳೀಯ ಸಮಯದಲ್ಲೇ ಇಡುವಂತೆ ಲಿನಕ್ಸಿಗೆ ಹೇಳಬಹುದು. ಆದರೆ ವಿಂಡೋಸ್ ಇನ್ನು ಕೆಲವೇ ತಿಂಗಳು ಇರುವುದಾದರೆ ನಾನಾದರೆ ಹಾಗೆಯೇ ಬಿಡುತ್ತಿದ್ದೆ.

ಇನ್ನೊಂದು ಮಾತು. ಮಿಂಟ್‌ನ ಬ್ಯಾಕಪ್ ಸಾಧನವಾದ ಟೈಮ್‌ಶಿಫ್ಟ್ ಅನ್ನು ಚಾಲೂ ಮಾಡಿದರೆ ಎಲ್ಲವೂ ಸುರಕ್ಷಿತವೆಂದು ಅನೇಕರು ನಂಬುತ್ತಾರೆ. ಅದು ಕಾಪಾಡುವುದು ವ್ಯವಸ್ಥೆಯ ಕಡತಗಳನ್ನು. ನೀವಾಗಿ ಸೇರಿಸದ ಹೊರತು ತಂದೆಯವರ ಹೋಮ್ ಫೋಲ್ಡರ್, ಅಂದರೆ ಅವರ ಸ್ವಂತ ಕಡತಗಳಿರುವ ಜಾಗ, ಅದರಲ್ಲಿ ಇರುವುದಿಲ್ಲ. ನಮ್ಮ ಕಡೆಯ ಸಿಡಿಲು, ಕರೆಂಟು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಟಿಪ್ಪಣಿಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ, ಆ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಇಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕೆಜಿಪಿ ಹಾಕಿದ ಮೇಲೆ ತಂದೆಯವರು ಕೀಲಿಮಣೆಯನ್ನು ನೋಡದೆಯೇ ಒಂದು ಪುಟ ಟೈಪ್ ಮಾಡಿದರು. ನಾನು ಕೂರಿಸಿದ್ದ ಥೀಮ್ ಅನ್ನು ಅವರ ಮಾತಿನಂತೆ ತೆಗೆದು, ಅಕ್ಷರದ ಗಾತ್ರವನ್ನು ಹೆಚ್ಚಿಸಿ, ಸಂಘದ ಫೋಲ್ಡರನ್ನು ಪರದೆಯ ಎಡ ಮೂಲೆಯಲ್ಲಿ, ಮೊದಲು ಇದ್ದಲ್ಲೇ ಇರಿಸಿದ್ದೇನೆ. ಪರಿವರ್ತನೆಯನ್ನು ವಾರ್ಷಿಕ ವರದಿಗಳಿಂದ ಆರಂಭಿಸಿದ್ದೇವೆ. ಅರ್ಕಾವೊತ್ತುಗಳನ್ನು ತಿದ್ದುವ ಕೆಲಸವನ್ನು ಅವರು ನನಗೆ ಬಿಟ್ಟುಕೊಡುತ್ತಿಲ್ಲ.