ಡ್ಯಾಗ್‌ವುಡ್ ಅಡುಗೆ ಮಾಡ್ತಾನಾ, ಇಲ್ವಾ?

ನಿಂಬೆಹುಳಿ
ನಿನ್ನೆ ರಾತ್ರಿ ಅಮೆರಿಕದ ‘ಬ್ಲಾಂಡಿ’ ಕಾಮಿಕ್ ಸ್ಟ್ರಿಪ್‌ನ ಹಳೇ ಕಂತುಗಳನ್ನು ಓದ್ತಾ ಕೂತಿದ್ದೆ. ಚಿಕ್ಕವಳಿದ್ದಾಗ ಬಿದ್ದು ಬಿದ್ದು ನಗುತ್ತಿದ್ದೆ. ಈ ಸಲ ಅಷ್ಟು ನಗು ಬರಲಿಲ್ಲ. ಗಂಡ ಡ್ಯಾಗ್‌ವುಡ್ ಸೋಫಾ ಮೇಲೆ ಬಿದ್ದುಕೊಂಡಿರುತ್ತಾನೆ, ಹೆಂಡತಿ ಬ್ಲಾಂಡಿ ಇಡೀ ಮನೆ ನಡೆಸುತ್ತಾಳೆ. ಸ್ಟ್ರಿಪ್ ಶುರುವಾಗಿದ್ದು 1930ರಲ್ಲಿ. ಅವಳು ತನ್ನದೇ ಕೇಟರಿಂಗ್ ಶುರು ಮಾಡಿದ್ದು 1991ರಲ್ಲಿ. 61 ವರ್ಷ ಮನೆಯೊಳಗೇ! ನಮ್ಮನೆ ಕಥೆಯನ್ನೇ ಯಾರೋ ಬಿಡಿಸಿಟ್ಟಂತಿತ್ತು. ನಿಮಗೂ ಹಾಗನ್ನಿಸಿದ್ದುಂಟಾ?

ಲೆಕ್ಕದ ಮೇಷ್ಟ್ರು
61 ಅಲ್ಲ, 58. ಶುರುವಿನಲ್ಲಿ ಬ್ಲಾಂಡಿಗೆ ಮದುವೆಯೇ ಆಗಿರಲಿಲ್ಲ. ಪಾರ್ಟಿ, ಡಾನ್ಸ್ ಅಂತ ಓಡಾಡಿಕೊಂಡಿದ್ದ ಹುಡುಗಿ. ಮದುವೆಯಾದದ್ದು 1933ರ ಫೆಬ್ರವರಿ 17ಕ್ಕೆ.

ನಿಂಬೆಹುಳಿ
ಆಯ್ತು ಮೇಷ್ಟ್ರೇ, ಬರೀ 58 ವರ್ಷ. ಸಮಾಧಾನವಾಯ್ತಾ?

ಗೊರಕೆರಾಯ
ಡ್ಯಾಗ್‌ವುಡ್ ಪಾಪದವನು. ರೈಲು ಕಂಪನಿ ಸಾಹುಕಾರನ ಮಗ. ಈ ಬ್ಲಾಂಡಿಯನ್ನು ಮದುವೆಯಾಗೋಕೆ 28 ದಿನ ಉಪವಾಸ ಕೂತ. ಅಪ್ಪ ಬಿಡಿಗಾಸೂ ಕೊಡದೆ ಹೊರಗೆ ಹಾಕಿದ. ದಿನಾ ಬಾಸ್ ಡಿದರ್ಸ್ ಕೈಲಿ ಬೈಸಿಕೊಂಡು ಸಂಬಳ ತರ್ತಾನೆ. ಬೆಳಗ್ಗೆ ಓಡುವ ಗಡಿಬಿಡಿಯಲ್ಲಿ ಪೋಸ್ಟ್‌ಮ್ಯಾನ್‌ಗೆ ಡಿಕ್ಕಿ ಹೊಡೀತಾನೆ. ಅದೆಲ್ಲ ಬಿಟ್ಟು ನಿಮ್ಮ ಕಣ್ಣಿಗೆ ಬಿದ್ದಿದ್ದು ಸೋಫಾ ಮಾತ್ರ. ಅಷ್ಟಕ್ಕೂ ಅವನು ಅಡುಗೆಮನೆಗೆ ಕಾಲಿಡದವನೇನಲ್ಲ. ಮಧ್ಯರಾತ್ರಿ ತಿನ್ನೋ ಆ ಭಾರೀ ಸ್ಯಾಂಡ್‌ವಿಚ್ ಮಾಡೋದು ಯಾರು ಮತ್ತೆ?

ಅಮ್ಮು
28 ದಿನ ಉಪವಾಸ ಮಾಡಿದ್ದಕ್ಕೆ 90 ವರ್ಷದಿಂದ ತಿಂತಾನೇ ಇದ್ದಾನೆ. ಸ್ಯಾಂಡ್‌ವಿಚ್ ಯಾವಾಗಿಂದ ಅಡುಗೆ ಆಯ್ತು? ಫ್ರಿಜ್‌ನಲ್ಲಿದ್ದದ್ದನ್ನೆಲ್ಲ ತೋಳಿನುದ್ದಕ್ಕೂ ಪೇರಿಸಿಕೊಂಡು ಬರ್ತಾನೆ, ಬ್ರೆಡ್ ನಡುವೆ ತುರುಕುತ್ತಾನೆ. ಅದು ತಿನ್ನೋ ಕೆಲಸದಲ್ಲೇ ಸೇರಿದ್ದು.

ಗೊರಕೆರಾಯ
ಇಂಗ್ಲಿಷ್ ನಿಘಂಟು ತೆಗೆದು ನೋಡಿ. ‘ಡ್ಯಾಗ್‌ವುಡ್’ ಅಂದ್ರೆ ಹಲವು ಪದರದ ದೊಡ್ಡ ಸ್ಯಾಂಡ್‌ವಿಚ್ ಅಂತಲೇ ಇದೆ. ಅಡುಗೆ ಬಾರದವನ ಹೆಸರು ನಿಘಂಟಿಗೆ ಹೋಗುತ್ತಾ?

ಅಮ್ಮು
ಹೆಂಡತಿ ಅಷ್ಟು ವರ್ಷ ಹೊತ್ತು ಹೊತ್ತಿಗೆ ಬೇಯಿಸಿ ಹಾಕಿದಳು. ಅವಳ ಹೆಸರಲ್ಲಿ ಒಂದು ತಿನಿಸೂ ಇಲ್ಲ. ಗಂಡ ಮಧ್ಯರಾತ್ರಿ ಎದ್ದು ಬ್ರೆಡ್ ಪೇರಿಸಿದರೆ ಪದವೇ ಹುಟ್ಟುತ್ತೆ. ನನ್ನ ಪರವಾಗಿ ವಾದ ಮಾಡಿದ್ದಕ್ಕೆ ಥ್ಯಾಂಕ್ಸ್.

ಲೆಕ್ಕದ ಮೇಷ್ಟ್ರು
ತಿನಿಸಿಲ್ಲ ಅನ್ನೋದು ತಪ್ಪು. ಕೋಕೋ ಹಾಕದ ಬ್ರೌನಿ ಕೇಕಿಗೆ ಬ್ಲಾಂಡಿ ಅಂತಾರೆ.

ಅಮ್ಮು
ಅದು ಬಣ್ಣ ನೋಡಿ ಇಟ್ಟ ಹೆಸರು ಮೇಷ್ಟ್ರೇ. ಅವಳ ಕೈರುಚಿಗಲ್ಲ.

ನಾಲ್ಕನೇ ಚೌಕ
ಸ್ವಲ್ಪ ಸ್ಯಾಂಡ್‌ವಿಚ್ ಕೆಳಗಿಡ್ತೀರಾ? ಈ ಸ್ಟ್ರಿಪ್ ನಗೋದು ಗಂಡನನ್ನು ನೋಡಿ. ಪ್ರತಿ ಸಲ ಪೆದ್ದನಾಗೋದು ಅವನೇ, ಗೆಲ್ಲೋದು ಬ್ಲಾಂಡಿ. ಬೇರೆ ಥರದ ಸ್ಟ್ರಿಪ್‌ಗಳೂ ಇವೆ. ಲಿನ್ ಜಾನ್‌ಸ್ಟನ್ 1979ರಲ್ಲಿ ಶುರು ಮಾಡಿದ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ ಓದಿ. ಒಬ್ಬ ತಾಯಿ ಬರೆದದ್ದು, ಪಾತ್ರಗಳಿಗೂ ನಮ್ಮ ಹಾಗೆ ವಯಸ್ಸಾಗುತ್ತೆ. 1982ರ ‘ಸ್ಯಾಲಿ ಫೋರ್ತ್’ನಲ್ಲಿ ಹೆಂಡತಿ ಮೊದಲಿಂದಲೂ ಆಫೀಸಿಗೆ ಹೋಗುವವಳು. ಒಂದೇ ಸ್ಟ್ರಿಪ್ ಹಿಡಿದು ಜಗ್ಗಿದರೆ ಹೇಗೆ?

ನಿಂಬೆಹುಳಿ
‘ಪೆದ್ದನಾಗೋದು ಅವನೇ’ ಅಂದ್ರಲ್ಲ, ಆ ಪೆದ್ದುತನದ ಲಾಭ ಯಾರಿಗೆ? ನಮ್ಮನೆಯವರು ಫ್ರಿಜ್ ಬಾಗಿಲು ತೆಗೆದು ನಿಂತು ‘ಆ ನೀಲಿ ಡಬ್ಬಿ ಎಲ್ಲಿದೆ?’ ಅಂತಾರೆ. ಎರಡನೇ ಶೆಲ್ಫ್, ಎಡಗಡೆ ಅಂತೀನಿ. ‘ಇಲ್ಲ ಕಣೇ.’ ಸೋಪಿನ ಕೈಯಲ್ಲೇ ಹೋಗಿ ನೋಡಿದರೆ ಅವರ ಮೂಗಿನ ಮುಂದೆಯೇ ಇರುತ್ತೆ. ‘ಓ, ಇಲ್ಲೇ ಇತ್ತಾ’ ಅಂತ ನಗ್ತಾರೆ. ಮಕ್ಕಳೂ ನಗ್ತಾರೆ. ಮುಂದಿನ ಸಲ ಕೇಳೋ ಮೊದಲೇ ನಾನೇ ತೆಗೆದುಕೊಡ್ತೀನಿ. ಇದೇ ನಾಲ್ಕು ಚೌಕದ ಸ್ಟ್ರಿಪ್, ಅಲ್ವಾ?

ಗೊರಕೆರಾಯ
ವಾರಕ್ಕೊಮ್ಮೆ ಡಬ್ಬಿಗಳ ಜಾಗ ಬದಲಾಯಿಸೋದು ಯಾರು? ಆಮೇಲೆ ಗಂಡನಿಗೆ ಕಣ್ಣು ಕಾಣಲ್ಲ ಅನ್ನೋದು.

ರಾತ್ರಿಪಾಳಿ
ಇದು ನಿಜ. ನಮ್ಮನೇಲಿ ಬಟ್ಟೆ ಒಗೆಯೋದು, ಮಡಚೋದು ನನ್ನ ಕೆಲಸ. ಟೀ ಶರ್ಟ್ ಮೂರು ಮಡಿಕೆ ಮಾಡಿ ಇಡ್ತೀನಿ. ಹೆಂಡತಿ ಬಂದು ಏನೂ ಮಾತಾಡದೆ ಎಲ್ಲ ಬಿಚ್ಚಿ ಎರಡು ಮಡಿಕೆ ಮಾಡ್ತಾಳೆ. ಮಾಡದಿದ್ದರೆ ಸೋಮಾರಿ, ಮಾಡಿದರೆ ತಪ್ಪು.

ಅಮ್ಮು
ಟೀ ಶರ್ಟ್ ಕಥೆ ಚೆನ್ನಾಗಿದೆ. ಲೆಕ್ಕ ಬೇರೆ ಹೇಳುತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಪ್ರಕಾರ ಸಂಬಳವಿಲ್ಲದ ಮನೆಗೆಲಸ, ಆರೈಕೆಗೆ ಹೆಂಗಸರು ದಿನಕ್ಕೆ 4 ಗಂಟೆ 25 ನಿಮಿಷ ಕೊಡ್ತಾರೆ. ಗಂಡಸರು 1 ಗಂಟೆ 23 ನಿಮಿಷ. ಇಡೀ ಪ್ರಪಂಚದ ಸರಾಸರಿ ಇದು.

ಗೊರಕೆರಾಯ
1 ಗಂಟೆ 23 ನಿಮಿಷ ಮಾಡ್ತಾರೆ ಅಂತ ನೀವೇ ಒಪ್ಪಿದ್ರಲ್ಲ! ಅಷ್ಟರಲ್ಲಿ ಹತ್ತು ಸ್ಯಾಂಡ್‌ವಿಚ್ ಆಗುತ್ತೆ. ಆಫೀಸಿನ ಗಂಟೆ ಯಾಕೆ ಸೇರಿಸಲಿಲ್ಲ?

ನಿಂಬೆಹುಳಿ
ಬ್ಲಾಂಡಿಗೂ ಈಗ ಹೊರಗೆ ಕೆಲಸ ಇದೆ ಸ್ವಾಮಿ. ಅದೂ ಕೇಟರಿಂಗ್. ಒಳಗೂ ಒಲೆ, ಹೊರಗೂ ಒಲೆ.

ನಾಲ್ಕನೇ ಚೌಕ
ಅವಳಿಗೆ ಅಡುಗೆ ಇಷ್ಟ ಅಂತ ಇರಬಾರದಾ?

ಅಮ್ಮು
ಇರಲಿ. ಸ್ಯಾಂಡ್‌ವಿಚ್ ತಿಂದಾದ ಮೇಲೆ ಅಡುಗೆಕಟ್ಟೆ ಒರೆಸೋದು ಯಾರು, ಅದನ್ನು ಹೇಳಿ. ಚೂರಿ, ತಟ್ಟೆ, ಬ್ರೆಡ್ ಪುಡಿ, ಮುಚ್ಚಳ ಹಾಕದ ಬಾಟಲಿಗಳು. ಗೊರಕೆರಾಯರ ಮನೇಲಿ ಯಾರು?

ಗೊರಕೆರಾಯ
ವೈಯಕ್ತಿಕ ಮಾತು ಬೇಡ.

ಅಮ್ಮು
ಉತ್ತರ ಸಿಕ್ಕಿತು ಬಿಡಿ 😄

ಗೊರಕೆರಾಯ
ಏನ್ರೀ ಸಿಕ್ಕಿತು? ನನ್ನ ಮನೆ ಬಗ್ಗೆ ನಿಮಗೇನು ಗೊತ್ತು? ಅಮ್ಮ ಹಾಸಿಗೆ ಹಿಡಿದಾಗ ಎಂಟು ತಿಂಗಳು ನಾನೇ ಬೇಯಿಸಿ, ಅರೆದು, ಚಮಚದಲ್ಲಿ ತಿನ್ನಿಸಿದ್ದೀನಿ. ಪಾತ್ರೆನೂ ನಾನೇ ತೊಳೆದಿದ್ದೀನಿ, ಕಟ್ಟೆನೂ ನಾನೇ ಒರೆಸಿದ್ದೀನಿ. ಅದನ್ನು ಇಲ್ಲಿ ಬಂದು ಡಂಗುರ ಸಾರಿಕೊಂಡಿರಲಿಲ್ಲ. ಇಮೋಜಿ ಬೇರೆ ಹಾಕ್ತಾರೆ.

ರಾತ್ರಿಪಾಳಿ
ಬಿಡಿ ಅಣ್ಣಾ.

ಅಮ್ಮು
ಇಮೋಜಿ ತೆಗೆದೆ ಅಂತ ಅಂದುಕೊಳ್ಳಿ. ಅದು ಅಡುಗೆ. ಅದಕ್ಕೇ ಹೇಳ್ತಿರೋದು, ಸ್ಯಾಂಡ್‌ವಿಚ್ ಅಲ್ಲ.

ಗೊರಕೆರಾಯ
ಸ್ಯಾಂಡ್‌ವಿಚ್ಚೂ ಅಡುಗೆನೇ.

ನಿಂಬೆಹುಳಿ
ನಾನು ಕೇಳಿದ್ದು ಸ್ಯಾಂಡ್‌ವಿಚ್ ಬಗ್ಗೆ ಅಲ್ಲ ಮಾರಾಯ್ರೆ!

ಲೆಕ್ಕದ ಮೇಷ್ಟ್ರು
ನೀವು ಮೊದಲು ಬರೆದ ‘ತನ್ನದೇ ಕೇಟರಿಂಗ್’ ಅನ್ನೋದೂ ಸರಿಯಿಲ್ಲ. ಪಕ್ಕದ ಮನೆ ಟೂಟ್ಸಿ ಜೊತೆ ಸೇರಿ ಶುರು ಮಾಡಿದ್ದು. ಟೂಟ್ಸಿ ಹೆಸರು ಇಲ್ಲಿ ಯಾರೂ ಎತ್ತಲೇ ಇಲ್ಲ.