ಗುಲಾಮರ ಹಡಗಲ್ಲಿ ದುಡೀತಿದ್ದ ನಾವಿಕರು ಯಾರು?

ಹಳೇನಕ್ಷೆ:
ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಬಗ್ಗೆ ಎಲ್ಲಿ ಓದಿದ್ರೂ ಮಾಲೀಕರು, ಕ್ಯಾಪ್ಟನ್‌ಗಳು, ಕಬ್ಬಿನ ತೋಟದ ಧಣಿಗಳು ಇವರದ್ದೇ ಕಥೆ. ಲಿವರ್‌ಪೂಲ್, ಬ್ರಿಸ್ಟಲ್‌ನಿಂದ ಹೊರಡ್ತಿದ್ದ ಹಡಗಲ್ಲಿ ಹಗ್ಗ ಎಳೆಯೋಕೆ, ಕಾವಲಿಗೆ ಅಂತ ಇರ್ತಿದ್ದ ಮಾಮೂಲಿ ಜನ ಯಾರು? ಗೊತ್ತಿದ್ದೇ ಹೋಗ್ತಿದ್ರಾ? ಸಂಬಳ ಅಷ್ಟು ಚೆನ್ನಾಗಿತ್ತಾ?

ಬಂದರುಬೀದಿ:
ಸಂಬಳದ ಆಸೆಗೆ ಹೋದೋರು ಕಮ್ಮಿ. ಗುಲಾಮ ವ್ಯಾಪಾರ ನಿಲ್ಲಿಸಬೇಕು ಅಂತ ಸಾಕ್ಷಿ ಹುಡುಕ್ತಿದ್ದ ಥಾಮಸ್ ಕ್ಲಾರ್ಕ್ಸನ್ 1787ರಲ್ಲಿ ಬ್ರಿಸ್ಟಲ್‌ಗೆ ಬಂದಾಗ ಸೆವೆನ್ ಸ್ಟಾರ್ಸ್ ಅನ್ನೋ ಹೆಂಡದಂಗಡಿಯ ಯಜಮಾನನೇ ಅವನನ್ನ ರಾತ್ರಿ ಹೊತ್ತು ಬೇರೆ ಅಂಗಡಿಗಳಿಗೆ ಕರ್ಕೊಂಡು ಹೋಗಿ ತೋರಿಸ್ದ, ಹುಡುಗರಿಗೆ ಚೆನ್ನಾಗಿ ಕುಡಿಸೋದು, ಸಾಲ ಏರಿಸೋದು, ಆಮೇಲೆ ಜೈಲಿಗೆ ಹೋಗ್ತೀಯೋ ಹಡಗು ಹತ್ತತೀಯೋ ಅನ್ನೋದು. ಕ್ಲಾರ್ಕ್ಸನ್ ಹಡಗುಗಳ ಹಾಜರಿ ಪಟ್ಟಿ ತೆಗೆಸಿ ಲೆಕ್ಕ ಹಾಕಿದ್ರೆ ಐದಕ್ಕೆ ಸುಮಾರು ಒಬ್ಬ ವಾಪಸ್ಸೇ ಬರ್ತಿರ್ಲಿಲ್ಲ, ಜ್ವರ, ಭೇದಿ, ಕ್ಯಾಪ್ಟನ್ ಹೊಡೆತ. ವೆಸ್ಟ್ ಇಂಡೀಸ್‌ನಲ್ಲಿ ಗುಲಾಮರನ್ನ ಮಾರಿದ್ಮೇಲೆ ಅಷ್ಟು ಕಾವಲುಗಾರರು ಯಾಕೆ ಬೇಕು ಹೇಳಿ, ಕಾಯಿಲೆ ಬಿದ್ದೋರನ್ನ ಅಲ್ಲೇ ದಡದಲ್ಲಿ ಬಿಟ್ಟು ಬರ್ತಿದ್ರು.

ಉಪ್ಪುಗಾಳಿ:
ಸರ್, ನೀವು ಹೇಳಿದ್ದು ಸರಿನೇ, ಆದ್ರೆ ನಾವಿಕರ ಮೇಲೆ ಇಷ್ಟೊಂದು ಕನಿಕರ ಬೇಡ. ಡೆಕ್ ಮೇಲೆ ಅಡ್ಡಕ್ಕೆ ಮರದ ಗೋಡೆ ಕಟ್ಟಿ ಅದರ ಹಿಂದಿಂದ ಗುಲಾಮರ ಮೇಲೆ ಬಂದೂಕು ಗುರಿ ಇಟ್ಕೊಂಡು ನಿಲ್ತಿದ್ದೋರು ಯಾರು? ಸಮುದ್ರಕ್ಕೆ ಹಾರದೇ ಇರ್ಲಿ ಅಂತ ಸುತ್ತ ಬಲೆ ಕಟ್ಟಿದ್ದು, ಊಟ ಬಿಟ್ಟೋರ ಬಾಯಿ ಕಬ್ಬಿಣದ ಸ್ಕ್ರೂ ಸಾಧನ ಹಾಕಿ ಬಿಡಿಸಿದ್ದು (ಇದು ಲಿವರ್‌ಪೂಲ್ ಅಂಗಡಿಯಲ್ಲೇ ಮಾರಾಟಕ್ಕಿತ್ತು, ಕ್ಲಾರ್ಕ್ಸನ್ ಒಂದು ಕೊಂಡಿದ್ದ), ಚಾಟಿ ಹಿಡಿದು ಬಲವಂತವಾಗಿ ಕುಣಿಸಿದ್ದು, ಎಲ್ಲಾ ಇದೇ ಬಡ ಹುಡುಗರ ಕೈ. 1781ರಲ್ಲಿ ಜೋಂಗ್ ಹಡಗಿಂದ 130ಕ್ಕೂ ಹೆಚ್ಚು ಜನರನ್ನ ಜೀವಂತ ನೀರಿಗೆ ತಳ್ಳಿದ್ದೂ ನಾವಿಕರೇ. ಮೊದಲು ನಾನು ಬೇಡ ಅಂದಿದ್ದೆ ಅಂತ ಮೇಟ್ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ) ಕೆಲ್ಸಾಲ್ ಆಮೇಲೆ ಹೇಳಿಕೆ ಕೊಟ್ಟ, ಆದ್ರೆ ಕೆಲಸ ನಿಲ್ಲಲಿಲ್ಲವಲ್ಲ. 1783ರಲ್ಲಿ ಲಂಡನ್ ಕೋರ್ಟಲ್ಲಿ ನಡೆದಿದ್ದು, ಸತ್ತೋರನ್ನ ಸರಕು ಅಂತ ಲೆಕ್ಕ ಹಾಕಿ ಮಾಲೀಕರು ಕೇಳಿದ ಇನ್ಶೂರೆನ್ಸ್ ದುಡ್ಡಿನ ಜಗಳ, ಕೊಲೆ ಕೇಸ್ ಯಾರ ಮೇಲೂ ಬೀಳಲಿಲ್ಲ.

ಹಳೇನಕ್ಷೆ:
ಅಬ್ಬಾ. ಹಡಗಲ್ಲೇ ಇದ್ದೋರು ಯಾರಾದ್ರೂ ಆಮೇಲೆ ಬಾಯಿ ಬಿಟ್ರಾ?

ಬಂದರುಬೀದಿ:
ಬಿಟ್ರು, ಬೆರಳೆಣಿಕೆಯಷ್ಟು ಜನ. ಅಲೆಕ್ಸಾಂಡರ್ ಫಾಲ್ಕನ್‌ಬ್ರಿಜ್ ಅಂತ ಹಡಗಿನ ಡಾಕ್ಟರ್ 1788ರಲ್ಲಿ ಬರೆದ, ಪಾರ್ಲಿಮೆಂಟ್ ಮುಂದೆ ಸಾಕ್ಷಿನೂ ಹೇಳ್ದ. ಕೆಳಗಡೆ ಕಾಲಿಡೋಕೂ ಜಾಗ ಇಲ್ಲದಂಗೆ ಜನ ಮಲಗಿರ್ತಿದ್ರು, ತುಳಿದು ನೋವಾಗಬಾರದು ಅಂತ ಶೂ ಬಿಚ್ಚಿ ಇಳೀತಿದ್ನಂತೆ. ಕ್ಲಾರ್ಕ್ಸನ್ ಲಿವರ್‌ಪೂಲ್‌ಗೆ ಹೋದಾಗ ಅಂಗರಕ್ಷಕನ ಥರ ಜೊತೆಗೆ ಹೋಗಿದ್ದೂ ಇವನೇ. ಕ್ಲಾರ್ಕ್ಸನ್‌ನನ್ನ ಧಕ್ಕೆ ಮೇಲಿಂದ ನೀರಿಗೆ ತಳ್ಳೋಕೆ ಒಂದು ಗುಂಪು ನೋಡಿದ್ದೂ ಅದೇ ಊರಲ್ಲಿ.