ಪಾಯಿನ್ಸೆಟಿಯಾದ ಕೆಂಪು ಭಾಗಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ, ಒಂದು ಪದ ಬೇಕಿತ್ತು. ಡಿಸೆಂಬರ್ ಬಂತಂದ್ರೆ ನರ್ಸರಿಗಳಲ್ಲಿ ಕೆಂಪಗೆ ಸಾಲಾಗಿ ಇಟ್ಟಿರ್ತಾರಲ್ಲ ಪಾಯಿನ್ಸೆಟಿಯಾ, ಅದನ್ನ ಹೇಗೆ ನೋಡ್ಕೋಬೇಕು ಅಂತ ಒಂದು ಪುಟ ಬರೀತಿದೀನಿ, ಮೊದಲ ಸಾಲಲ್ಲೇ ಸಿಕ್ಕಾಕೊಂಡಿದೀನಿ. ಆ ಕೆಂಪು ಹೂವಲ್ಲ, ಎಲೆ. ನಿಜವಾದ ಹೂ ಮಧ್ಯದಲ್ಲಿ ಹಳದಿ ಹಸಿರು ಗುಂಡುಗಳ ಥರ ಪುಟ್ಟದಾಗಿ ಇರತ್ತೆ. ಸುತ್ತ ಇರೋ ಬಣ್ಣದ ಎಲೆಗೆ ಇಂಗ್ಲಿಷಲ್ಲಿ ಬ್ರ್ಯಾಕ್ಟ್ ಅಂತಾರೆ, ಬೋಗನ್‌ವಿಲ್ಲಾದಲ್ಲೂ ಅದೇ ಕಥೆ, ನಾವು ಕಾಗದದ ಹೂ ಅಂದುಬಿಡ್ತೀವಿ.

ಹೂ ಅಂತಲೇ ಬರೆದ್ರೆ ಏನಾಗತ್ತೆ ಅಂದ್ರೆ, ಫೆಬ್ರವರಿ ಮಾರ್ಚಲ್ಲಿ ಕೆಂಪು ಉದುರಿದ ಕೂಡ್ಲೇ ಹೂ ಮುಗೀತು ಅಂತ ಜನ ಗಿಡಾನೇ ಎಸೆದುಬಿಡ್ತಾರೆ, ನಂಗೆ ಅದು ತುಂಬಾ ಸಂಕಟ. ಇದು ವರ್ಷಗಟ್ಟಲೆ ಬದುಕೋ ಪೊದೆ, ಮೆಕ್ಸಿಕೋ ಕಾಡಲ್ಲಿ ಆಳೆತ್ತರ ಮೀರಿ ಬೆಳೆಯತ್ತೆ. ಉದುರಿದ್ಮೇಲೆ ಕೊಂಬೆ ಗಿಡ್ಡಕ್ಕೆ ಸವರಿ, ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ, ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡ್ಕೊಂಡ್ರೆ ಮತ್ತೆ ಚಿಗುರತ್ತೆ. ಮತ್ತೆ ಕೆಂಪಾಗಕ್ಕೆ ಉದ್ದ ರಾತ್ರಿ ಬೇಕು. ಕುಂಡದಲ್ಲಿದ್ರೆ ಅಕ್ಟೋಬರಿಂದ 8-10 ವಾರ ದಿನಾ 14 ಗಂಟೆ ಪೂರ್ತಿ ಕತ್ತಲಲ್ಲಿಡಿ ಅಂತಾರೆ, ಹಗಲಲ್ಲಿ ಮಾತ್ರ ಒಳ್ಳೇ ಬೆಳಕು ಬೇಕು. ಬೆಂಗಳೂರಲ್ಲಿ ನೆಲಕ್ಕೆ ಹಾಕಿದ್ದು ಚಳಿಗಾಲಕ್ಕೆ ತಾನಾಗೇ ಕೆಂಪಾಗತ್ತೆ, ಪಕ್ಕದಲ್ಲಿ ಬೀದಿದೀಪ ಇದ್ರೆ ಕಷ್ಟ. ಮುರಿದ್ರೆ ಹಾಲು ಬರತ್ತೆ, ನಮ್ಮ ಕಳ್ಳಿ ಜಾತಿನೇ ಅಲ್ವಾ, ಕೆಲವರಿಗೆ ಮೈಗೆ ತಾಗಿದ್ರೆ ತುರಿಕೆ ಆಗತ್ತೆ, ಪ್ರಾಣ ಹೋಗೋವಂಥ ವಿಷ ಅನ್ನೋದೆಲ್ಲ ಸುಳ್ಳು.

ಹೂ ಅನ್ನೋರ ಕಡೆಗೂ ನ್ಯಾಯ ಇದೆ ಅನ್ನಿ. ಮೆಕ್ಸಿಕೋದ ನಾವಾತ್ಲ್ ಭಾಷೆಯಲ್ಲಿ ಇದರ ಹೆಸರು ಕ್ವೆತ್ಲಶೋಚಿತ್ಲ್, ಅದರಲ್ಲಿ ಶೋಚಿತ್ಲ್ ಅಂದ್ರೆ ಹೂವೇ. ಸ್ಪ್ಯಾನಿಷ್‌ನೋರು ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹೂ ಅಂದ್ರು. 1825ರಲ್ಲಿ ಮೆಕ್ಸಿಕೋಗೆ ಅಮೆರಿಕದ ಮೊದಲ ರಾಯಭಾರಿಯಾಗಿ ಹೋದ ಜೋಯೆಲ್ ಪಾಯಿನ್ಸೆಟ್ ಗಿಡಾನ ತನ್ನ ದೇಶಕ್ಕೆ ಕಳಿಸಿದ್ದಕ್ಕೆ ಈಗಿನ ಹೆಸರು ಬಂತು. ಅಲ್ಲಿನ ರಾಜಕೀಯದಲ್ಲಿ ಕೈಯಾಡಿಸಿದ್ದಕ್ಕೆ ಮೆಕ್ಸಿಕೋ ಸರ್ಕಾರ ಅವನನ್ನ ವಾಪಸ್ ಕರೆಸ್ಕೊಳ್ಳಿ ಅಂತು, ಹಾಗಾಗಿ ನಂಗೆ ಆ ಹೆಸರಿನ ಮೇಲೆ ಅಂಥ ಪ್ರೀತಿಯಿಲ್ಲ.

ಸದ್ಯಕ್ಕೆ ‘ಬಣ್ಣದೆಲೆ’ ಅಂತ ಬರ್ಕೊಂಡಿದೀನಿ, ಆದ್ರೆ ಕ್ರೋಟನ್‌ಗೂ ಹಾಗೇ ಅನ್ನಬಹುದಲ್ಲ ಅಂತ ಅನುಮಾನ. ‘ಹೂವೆಲೆ’ ಹೇಗೆ? ಕೊಡಗು, ಚಿಕ್ಕಮಗಳೂರು ಕಡೆ ತೋಟದ ಮನೆಯೋರು ಈ ಗಿಡಕ್ಕೆ, ಆ ಕೆಂಪು ಎಲೆಗೆ ಏನಾದ್ರೂ ಹೆಸರು ಹೇಳ್ತೀರಾ? ಗೊತ್ತಿದ್ರೆ ಊರಿನ ಹೆಸರು ಸಮೇತ ತಿಳಿಸಿ.